ಹಲಗೆ ಕೇಳಿದ ಮಿಸ್ತ್ರಿ

ಮಸ್ಕಿಯಲ್ಲಿ ಸಂಬಂಧಿಕರೊಬ್ಬರ ಮದುವೆಗೆ ಹೋಗಿದ್ದೆ. ಊಟಕ್ಕೆ ಕೂತಾಗ ಪಕ್ಕದವರು ಹೋಳಿಗೆ ಮುರಿಯುತ್ತ, ನಿಮ್ಮ ಹತ್ತಿ ಜಿನ್ನಿನ ಹಳೇ ಮಿಸ್ತ್ರಿ ತೀರಿಕೊಂಡು ಆರು ತಿಂಗಳಾಯಿತು, ಗೊತ್ತಿಲ್ಲವೇ ಎಂದು ಕೇಳಿದರು. ಗೊತ್ತಿರಲಿಲ್ಲ. ಇಂಥ ಸುದ್ದಿ ಕೇಳಿದಾಗ ಮನುಷ್ಯನಿಗೆ ದುಃಖವಾಗಬೇಕು. ನನಗೆ ಮೊದಲು ಬಂದದ್ದು ಸಿಟ್ಟು. ಅವರ ಜೊತೆ ನನ್ನದೊಂದು ಜಗಳ ಇನ್ನೂ ಮುಗಿದಿರಲಿಲ್ಲ. ಅದನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದರಲ್ಲ ಎನ್ನಿಸಿತು. ಬದುಕಿದ್ದಾಗಲೂ ಅವರು ಯಾರಿಗೂ ಸಮಾಧಾನದ ಮಾತು ಹೇಳಿ ಕಳಿಸಿದವರಲ್ಲ.

ಅದು ನಿಜಾಮರ ಕಾಲ. ಲಡಾಯಿ, ಎಂದರೆ ಎರಡನೆಯ ಮಹಾಯುದ್ಧ, ನಡೆದಿತ್ತು. ಸಿಂಧನೂರಿನಿಂದ ಮಸ್ಕಿಯ ಕಡೆ ಹೋಗುವ ದಾರಿಯಲ್ಲಿ, ಊರು ಮುಗಿದು ಕಪ್ಪು ಹೊಲಗಳು ಸುರುವಾಗುವಲ್ಲಿ, ತಗಡಿನ ಮಾಡಿನ ಹತ್ತಿ ಜಿನ್ನೊಂದಿತ್ತು, ಎಂದರೆ ಹತ್ತಿಯಿಂದ ಕಾಳು ಬಿಡಿಸುವ ಕಾರಖಾನೆ. ಅದರ ಮಾಲಕ ಶೇಠ್ ಇದ್ದದ್ದು ದೂರದ ಊರಿನಲ್ಲಿ. ಇಲ್ಲಿ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವನು ಒಬ್ಬ ಮ್ಯಾನೇಜರ. ನಾನು ಉರ್ದು ಮದರಸಾದಲ್ಲಿ ನಾಲ್ಕು ಅಕ್ಷರ ಕಲಿತವನೆಂಬ ಒಂದೇ ಕಾರಣಕ್ಕೆ ಅಲ್ಲಿ ಹಾಜರಿ ಬರೆಯುವ ಕಾರಕೂನನಾಗಿ ಸೇರಿದ್ದೆ. ಇಂಜಿನ್ನಿನ ಉಸ್ತುವಾರಿ ಈ ಮಿಸ್ತ್ರಿಯದು. ಅವರಿಗೆ ಒಂದು ಹೆಸರಿತ್ತು; ಆದರೆ ಹಾಜರಿ ಪುಸ್ತಕ ಬಿಟ್ಟರೆ ಎಲ್ಲೂ ಅದನ್ನು ಯಾರೂ ಬಳಸಿದ್ದು ನಾನು ಕಾಣೆ. ಇಲ್ಲಿಯೂ ಅದು ಬೇಡ.

ಮೊದಲ ದಿನ ನಾನು ಇಸ್ತ್ರಿ ಮಾಡಿದ ಧೋತರ ಉಟ್ಟು, ಹೆಗಲ ಮೇಲೆ ಶಲ್ಯ ಇಳಿಬಿಟ್ಟುಕೊಂಡು ಜಿನ್ನಿನೊಳಗೆ ಕಾಲಿಟ್ಟೆ. ಎಣ್ಣೆ ಮೆತ್ತಿದ ಕೈಯೊಂದು ಹಿಂದಿನಿಂದ ಬಂದು ಶಲ್ಯ ಎಳೆದುಕೊಂಡಿತು. ತಿರುಗಿ ನೋಡಿದರೆ ಗಿಡ್ಡನೆಯ, ಕಂದು ಗಡ್ಡದ, ಮೊಣಕಾಲಿನವರೆಗೆ ಬಿಗಿಯಾಗಿ ಚಣ್ಣ ಹಾಕಿದ ಮನುಷ್ಯ.

"ಇದನ್ನ ಮನ್ಯಾಗ ಇಟ್ಟು ಬಾ," ಎಂದರು. "ಆ ಗಾಲಿಗೆ ನೀ ಏನ ಓದೀ ಅಂತ ಗೊತ್ತಾಗಂಗಿಲ್ಲ."

ನನಗೆ ಅವಮಾನವಾಯಿತು. ಅಲ್ಲಿ ಕೆಲಸಕ್ಕಿದ್ದ ಅಷ್ಟು ಹೆಂಗಸರ ಎದುರಿಗೆ ಹೀಗೆ ಮಾಡಬಾರದಿತ್ತು. ಆದರೆ ಅವರು ಎಲ್ಲರಿಗೂ ಹಾಗೇ ಮಾಡುತ್ತಿದ್ದರು. ಒಳ್ಳೆಯ ಮಾತನ್ನು ಕೆಟ್ಟ ರೀತಿಯಲ್ಲಿ ಹೇಳುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಅರ್ಧ ಕಷ್ಟ ಅವರಿಗೆ ಬಂದದ್ದೇ ಇದರಿಂದ ಎಂದು ನಾನು ಈಗಲೂ ವಾದಿಸಬಲ್ಲೆ.

ಬೆಳಿಗ್ಗೆ ಇಂಜಿನ್ ಸುರು ಮಾಡುವ ಮೊದಲು ಅವರು ಜಿನ್ನಿನ ಉದ್ದಕ್ಕೂ ಕೈ ಹಿಂದೆ ಕಟ್ಟಿಕೊಂಡು ಒಮ್ಮೆ ನಡೆಯುತ್ತಿದ್ದರು. ಬಾಗಿಲಿಗೆ ತೂಗಹಾಕಿದ ರೈಲು ಹಳಿಯ ತುಂಡನ್ನು ಮೂರು ಸಲ ಬಾರಿಸುತ್ತಿದ್ದರು. ಆಮೇಲೆ ಹೆಂಗಸರ ಹೆಸರನ್ನು ಒಂದೊಂದಾಗಿ ಕೂಗುತ್ತಿದ್ದರು. ಪ್ರತಿಯೊಬ್ಬಳೂ ತನ್ನ ಜಾಗದಲ್ಲಿ ನಿಂತೇ ಓ ಅನ್ನಬೇಕು. ಒಬ್ಬಳ ದನಿ ಬೇರೆ ಕಡೆಯಿಂದ ಬಂದರೂ ಇಂಜಿನ್ ಸುರುವಾಗುತ್ತಿರಲಿಲ್ಲ. ನಾನು ಹಾಜರಿ ತಗೊಂಡ ಮೇಲೆ ಇದು ಎರಡನೆಯ ಹಾಜರಿ. ಮ್ಯಾನೇಜರ ಹೊರಗೆ ನಿಂತು ಹಲ್ಲು ಕಡಿಯುತ್ತಿದ್ದ. ಹೆಂಗಸರಿಗೆ ಅದೊಂದು ಆಟ. ಮುಕ್ಕುಂದದ ಹುಲಿಗೆವ್ವ ಎಂಬಾಕೆ, ಅವರೆಲ್ಲರಿಗೂ ಮುಂದಾಳು, ಬಾಯಿ ಭಾರೀ ಜೋರು, ಬೇಕೆಂತಲೇ ಗಂಡಸಿನ ದನಿಯಲ್ಲಿ ಓ ಅನ್ನುತ್ತಿದ್ದಳು. ಸಾಲು ಸಾಲೇ ನಗುತ್ತಿತ್ತು. ಮಿಸ್ತ್ರಿ ನಗುತ್ತಿರಲಿಲ್ಲ, ಮತ್ತೊಮ್ಮೆ ಆಕೆಯ ಹೆಸರು ಕೂಗುತ್ತಿದ್ದರು, ಅಷ್ಟೇ.

ಬೆಂಕಿಯ ವಿಷಯಕ್ಕೂ ಇದೇ ಗೋಳು. ಹತ್ತಿಯ ಅರಳೆ ಗಾಳಿಯಲ್ಲಿ ತೇಲುವ ಜಾಗ, ಒಂದು ಕಿಡಿ ಸಾಕು. ಅವರು ಗಾಸಲೇಟ್, ಎಂದರೆ ಸೀಮೆಎಣ್ಣೆಯ, ಖಾಲಿ ಡಬ್ಬಿಗಳನ್ನು ಕೂಡಿಹಾಕಿ, ಹಳ್ಳದಿಂದ ತಾವೇ ಉಸುಕು ಹೊತ್ತು ತಂದು ತುಂಬಿ, ಗೋಡೆಗುಂಟ ಸಾಲಾಗಿ ಇಟ್ಟಿದ್ದರು. ಒಂದು ವಾರದಲ್ಲಿ ಒಂದು ಡಬ್ಬಿಯ ಉಸುಕು ಯಾರದೋ ಮನೆಯ ಒಲೆ ಹಾಕುವುದಕ್ಕೆ ಹೋಯಿತು. ಇನ್ನೊಂದರಲ್ಲಿ ಹಮಾಲರು ತಮ್ಮ ಬುತ್ತಿಗಂಟು ತಂಪಿಗಿರಲಿ ಎಂದು ಹೂತಿಟ್ಟಿದ್ದರು. ಮೂರನೆಯದರಲ್ಲಿ ಬೆಕ್ಕು ಕೆದರಿ ಹೋಗಿತ್ತು. ಮಿಸ್ತ್ರಿ ಮತ್ತೆ ಹಳ್ಳಕ್ಕೆ ಹೋಗಿ ಉಸುಕು ತಂದರು. ಮತ್ತೆ ಅದೇ ಆಯಿತು. ಹೀಗೆ ಎಷ್ಟು ಸಲ ಎಂದು ಲೆಕ್ಕವಿಲ್ಲ. ಒಮ್ಮೆ ಮ್ಯಾನೇಜರನ ಷಡ್ಡಕ ಊರಿಂದ ಬಂದವನು ಅರಳೆ ತುಂಬಿದ ಅಂಡಿಗೆಗಳ ನಡುವೆ ನಿಂತು ಬೀಡಿ ಹಚ್ಚಿದ. ಮಿಸ್ತ್ರಿ ಹೋಗಿ ಆತನ ತುಟಿಯಿಂದಲೇ ಬೀಡಿ ಕಿತ್ತು ಉಸುಕಿನಲ್ಲಿ ಒತ್ತಿಬಿಟ್ಟರು. ಆವತ್ತಿನಿಂದ ಮ್ಯಾನೇಜರನಿಗೂ ಅವರಿಗೂ ನೇರ ಮಾತು ನಿಂತುಹೋಯಿತು. ಏನಿದ್ದರೂ ನನ್ನ ಮೂಲಕ.

ಬಳೆಯ ಪ್ರಸಂಗದಲ್ಲಂತೂ ತಪ್ಪು ಅವರದೇ. ಹೆಂಗಸರು ಜಿನ್ ಯಂತ್ರದ ಬಾಯಿಗೆ ಕೈಯಿಂದಲೇ ಹತ್ತಿ ಕೊಡಬೇಕು. ಮುಂಗೈ ತುಂಬ ಗಾಜಿನ ಬಳೆ. ಬಳೆ ಸಿಕ್ಕಿ ಕೈ ಒಳಗೆ ಹೋದೀತೆಂದು ಮಿಸ್ತ್ರಿಗೆ ಭಯ. ಅದನ್ನು ತಿಳಿಸಿ ಹೇಳಬಾರದೆ? ಒಂದು ದಿನ ಬೆಳಿಗ್ಗೆ ಹಳಿ ಬಾರಿಸಿದವರೇ, ಎಲ್ಲರೂ ಬಳೆ ತೆಗೆದಿಟ್ಟು ಬರ್ರಿ ಎಂದುಬಿಟ್ಟರು. ಗಂಡ ಇದ್ದ ಹೆಂಗಸರಿಗೆ ಬಳೆ ತೆಗೆಯಿರಿ ಎಂದರೆ ಏನರ್ಥ ಎನ್ನುವುದು ಅವರ ತಲೆಗೆ ಹೋಗಿರಲೇ ಇಲ್ಲ. ಹುಲಿಗೆವ್ವ ಹತ್ತಿಯ ಬುಟ್ಟಿಯನ್ನು ಅವರ ಕಾಲ ಬಳಿ ಕುಕ್ಕಿದಳು. ನಿನ್ನ ಹೇಣ್ತಿ ಬಳಿ ಒಡಿ ಮೊದಲು ಎಂದಳು. ಎಲ್ಲರೂ ಹೊರಗೆ ನಡೆದರು. ಆವತ್ತು ಮಧ್ಯಾಹ್ನದವರೆಗೆ ಜಿನ್ ನಡೆಯಲಿಲ್ಲ.

ಮಿಸ್ತ್ರಿ ಕ್ಷಮೆ ಕೇಳಲಿಲ್ಲ. ಇಂಜಿನ್ ಖೋಲಿಯಲ್ಲಿ ಕೂತು ಹಳೆಯ ಗೋಣಿಚೀಲ ಕತ್ತರಿಸಿ, ದಬ್ಬಣದಿಂದ ಏನೋ ಹೊಲಿಯತೊಡಗಿದರು. ಮುಂಗೈಯಿಂದ ಮೊಣಕೈವರೆಗೆ ಬರುವ ತೋಳಿನ ಚೀಲಗಳು. ಬಳೆಯ ಮೇಲೆ ಅದನ್ನು ಏರಿಸಿ ದಾರ ಬಿಗಿದರೆ ಬಳೆಗೂ ಧಕ್ಕೆಯಿಲ್ಲ, ಕೈಗೂ ಇಲ್ಲ. ಕೆಲವರು ಹಾಕಿಕೊಂಡರು. ಗೋಣಿ ಚುಚ್ಚುತ್ತದೆ, ತುರಿಕೆ ಎಂದು ಮೂರನೆಯ ದಿನಕ್ಕೆ ಬಿಟ್ಟರು. ಅವರು ಹಳೆಯ ಧೋತರ ಹರಿದು ಮತ್ತೆ ಹೊಲಿದರು. ಆ ಧೋತರ ನನ್ನದು. ಕೇಳಿ ತಗೊಂಡದ್ದಲ್ಲ, ಒಣಗಹಾಕಿದ್ದನ್ನು ಎತ್ತಿಕೊಂಡು ಹೋದದ್ದು.

ಇಷ್ಟೆಲ್ಲ ಯಾಕೆ ಬಡಿದಾಡುತ್ತಾರೆ ಎಂದು ಎಲ್ಲರಿಗೂ ಕುತೂಹಲ. ಅವರ ಅಣ್ಣ ಎಲ್ಲೋ ಗಿರಣಿಯಲ್ಲಿ ಸಿಕ್ಕು ಸತ್ತನಂತೆ ಎಂದು ಒಬ್ಬರು, ಇಲ್ಲ, ಮಗ ಎಂದು ಇನ್ನೊಬ್ಬರು. ಒಂದು ದಿನ ನಾನು ಕೇಳಿಯೇಬಿಟ್ಟೆ. ಅವರು ನನ್ನನ್ನು ದಿಟ್ಟಿಸಿ ನೋಡಿದರು.

"ಯಾರೂ ಸತ್ತಿಲ್ಲ. ಯಾರರ ಸತ್ತ ಮ್ಯಾಲೇ ಬುದ್ಧಿ ಬರಬೇಕೇನು?"

ಅವರ ನಿಜವಾದ ತಕರಾರು ಇದ್ದದ್ದು ತಗ್ಗಿನ ಬಗ್ಗೆ. ಎರಡು ಸಾಲು ಜಿನ್ನುಗಳ ಹಿಂದೆ, ನೆಲಕ್ಕಿಂತ ಕೆಳಗೆ, ಉದ್ದಕ್ಕೂ ಒಂದು ತಗ್ಗು. ಅದರೊಳಗೆ ಶಾಫ್ಟು, ಎಂದರೆ ಎಲ್ಲ ಜಿನ್ನುಗಳನ್ನೂ ತಿರುಗಿಸುವ ಉದ್ದನೆಯ ಕಬ್ಬಿಣದ ತೊಲೆ. ಇಂಜಿನ್ನಿನಿಂದ ಅಗಲವಾದ ತೊಗಲಿನ ಪಟ್ಟಾ ಬಂದು ಅದನ್ನು ತಿರುಗಿಸುತ್ತಿತ್ತು. ಹತ್ತಿಕಾಳು ಉದುರಿ ಬೀಳುವುದೂ ಅದೇ ತಗ್ಗಿಗೆ. ಕಾಳು ತುಂಬಿದಾಗ ಒಬ್ಬಿಬ್ಬರು ಹೆಂಗಸರು ಕಸಬರಿಗೆ ಬುಟ್ಟಿ ಹಿಡಿದು ಕೆಳಗಿಳಿದು ಬಳಿಯಬೇಕು. ತಿರುಗುವ ಶಾಫ್ಟಿಗೂ ಅವರ ಸೀರೆಗೂ ನಡುವೆ ಒಂದು ಮೊಳ ಜಾಗ, ಬೇರೇನೂ ಇಲ್ಲ. ಶಾಫ್ಟಿನ ಎರಡು ತುಂಡುಗಳು ಕೂಡುವಲ್ಲಿ ದಪ್ಪ ಬೋಲ್ಟಿನ ತಲೆಗಳು ಹೊರಗೆ ಚಾಚಿದ್ದವು. ಶಾಫ್ಟಿನ ಮುಂದೆ ಎದೆಮಟ್ಟಕ್ಕೆ ಹಲಗೆ ಹೊಡೆಯಬೇಕು, ತಗ್ಗಿಗಿಳಿಯುವಾಗ ಇಂಜಿನ್ ನಿಲ್ಲಿಸಬೇಕು. ಮಿಸ್ತ್ರಿ ಕೇಳಿದ್ದು ಈ ಎರಡನ್ನೇ.

ಹೆಂಗಸರೂ ಅವರ ಕಡೆ ಇರಲಿಲ್ಲ. ಆಗುವುದು ಹಣೆಬರಹದಲ್ಲಿದ್ದರೆ ಹಲಗೆ ಏನು ಮಾಡೀತು ಎಂದು ಹುಲಿಗೆವ್ವ ಒಮ್ಮೆ ಎಲ್ಲರ ಮುಂದೆ ಹೇಳಿದಳು. ಮಿಸ್ತ್ರಿಗೆ ತಡೆಯದಷ್ಟು ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಆವಾಗಲೇ.

"ಅದು ಹಣೇಬರಹ ಅಲ್ಲ ಯವ್ವಾ, ಬೋಲ್ಟು," ಎಂದರು. "ಹಣೇಬರಹ ಆಗಿದ್ರ ನಾ ಸುಮ್ನ ಇರತಿದ್ದೆ. ಬೋಲ್ಟು ನನ್ನ ಕಣ್ಣಿಗೆ ಕಾಣಾಕತ್ತೈತಿ."

ನನ್ನ ಮೂಲಕ ಮ್ಯಾನೇಜರನನ್ನು ಕೇಳಿಸಿದರೆ, ಲಡಾಯಿಯಲ್ಲಿ ಕಟ್ಟಿಗೆ ಎಲ್ಲಿ ಸಿಗುತ್ತದೆ, ಶೇಠರಿಗೆ ಬರೆಯಿರಿ ಎಂದ. ಮಿಸ್ತ್ರಿಗೆ ಓದು ಬರಹ ಬಾರದು. ನನ್ನ ಬಳಿ ಬಂದು ಕೂತರು. ದರಖಾಸ್ತು, ಎಂದರೆ ಶೇಠರಿಗೆ ಅರ್ಜಿ, ಉರ್ದುವಿನಲ್ಲಿ ಬರೆದೆ. ಅದನ್ನು ಓದಿಸಿ, ಕನ್ನಡದಲ್ಲಿ ಹೇಳಿಸಿ, ತಗ್ಗಿನ ಉದ್ದ ಎಷ್ಟು ಮೊಳ, ಹಲಗೆ ಎಷ್ಟು ದಪ್ಪ ಎಂಬುದೆಲ್ಲ ಬಂದಿದೆಯೇ ಎಂದು ಎರಡೆರಡು ಸಲ ಕೇಳಿ ಹೆಬ್ಬೆರಳು ಒತ್ತಿದರು. ನಾನು ಅದನ್ನು ಟಪಾಲಿಗೆ ಹಾಕುವ ಮುಂಚೆ ಮ್ಯಾನೇಜರನಿಗೆ ತೋರಿಸಿದೆ. ಆತ ಓದಿ ನಕ್ಕು, ಇದನ್ನು ನಿನ್ನ ಮೇಜಿನ ಖಾನೆಯಲ್ಲೇ ಇಟ್ಟುಕೋ, ಶೇಠರಿಗೆ ಬೇರೆ ಕೆಲಸವಿದೆ ಎಂದ. ಇಟ್ಟುಕೊಂಡೆ.

ಇದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಒಂದಲ್ಲ, ನಾಲ್ಕು ದರಖಾಸ್ತು. ನಾಲ್ಕೂ ನನ್ನ ಖಾನೆಯಲ್ಲೇ ಇದ್ದವು. ಎರಡು ದಿನಕ್ಕೊಮ್ಮೆ ಮಿಸ್ತ್ರಿ ಬಾಗಿಲಲ್ಲಿ ನಿಂತು, ಜವಾಬು ಬಂತೇನು ಎಂದು ಕೇಳುತ್ತಿದ್ದರು. ಟಪಾಲು ತಡ ಆಗಿದೆ, ಬರುತ್ತದೆ ಎನ್ನುತ್ತಿದ್ದೆ. ಅವರು ನಂಬಿ ತಿರುಗಿ ಹೋಗುತ್ತಿದ್ದರು. ಬೇರೆ ಯಾರನ್ನೂ ನಂಬದ ಮನುಷ್ಯ, ನನ್ನನ್ನು ನಂಬಿದರು. ಅದಕ್ಕೂ ನನಗೆ ಅವರ ಮೇಲೆಯೇ ಸಿಟ್ಟು ಬರುತ್ತಿತ್ತು.

ಬೇಸಿಗೆ ಏರಿದಾಗ ಹತ್ತಿಯ ಬಂಡಿಗಳು ದಾರಿಯುದ್ದಕ್ಕೂ ನಿಂತವು. ಒಂದು ಮಧ್ಯಾಹ್ನ ತಗ್ಗಿನಲ್ಲಿ ಕಾಳು ಶಾಫ್ಟಿನ ಮಟ್ಟಕ್ಕೆ ಬಂತು. ಮಿಸ್ತ್ರಿ ಇಂಜಿನ್ ನಿಲ್ಲಿಸುತ್ತೇನೆಂದು ನನ್ನಿಂದ ಹೇಳಿಕಳಿಸಿದರು. ಒಂದು ಘಳಿಗೆಯೂ ನಿಲ್ಲಿಸಕೂಡದು ಎಂದು ಮ್ಯಾನೇಜರ ತಿರುಗಿ ಹೇಳಿಕಳಿಸಿದ. ನಾನು ಆ ಖೋಲಿಗೂ ಈ ಖೋಲಿಗೂ ಮೂರು ಸಲ ಓಡಾಡಿದೆ. ಅಷ್ಟರಲ್ಲಿ ಇಂಜಿನ್ನಿನ ಒಂದು ಕಡೆ ಕಾವು ಏರಿ ಹೊಗೆ ಬರತೊಡಗಿತು. ಮಿಸ್ತ್ರಿ ಅದಕ್ಕೆ ಎಣ್ಣೆ ಹಾಕುತ್ತ ಬಗ್ಗಿದ್ದಾಗ, ಮ್ಯಾನೇಜರ ತಾನೇ ಒಳಗೆ ಬಂದು ಹುಲಿಗೆವ್ವನನ್ನು ಕೆಳಗಿಳಿದು ಬಳಿಯಲು ಹೇಳಿದ. ಆಕೆ ಕಸಬರಿಗೆ ತಗೊಂಡು ಇಳಿದಳು. ಆಕೆಗೆ ಹೆದರಿಕೆಯೆನ್ನುವುದು ಗೊತ್ತಿರಲಿಲ್ಲ. ಹಾಗೆ ಎಷ್ಟೋ ಸಲ ಇಳಿದಿದ್ದಳು.

ನಾನು ಇಂಜಿನ್ ಖೋಲಿಯ ಬಾಗಿಲಲ್ಲಿದ್ದೆ. ಕೂಗು ಕೇಳಿಸಲಿಲ್ಲ, ಜಿನ್ನಿನ ಗದ್ದಲದಲ್ಲಿ ಕೇಳುವುದೂ ಇಲ್ಲ. ಪಟ್ಟಾದ ಸದ್ದು ಒಮ್ಮೆ ಭಾರವಾಯಿತು, ಎತ್ತಿಗೆ ಏರು ಬಂದ ಹಾಗೆ. ನನಗೆ ಅದರ ಅರ್ಥ ಆಗುವ ಮುಂಚೆಯೇ ಮಿಸ್ತ್ರಿ ಎದ್ದಿದ್ದರು. ಇಂಜಿನ್ ನಿಲ್ಲಲು ಹೊತ್ತು ಹಿಡಿಯುತ್ತದೆ. ಅವರು ಗೋಡೆಗಿದ್ದ ಬಡಿಗೆ ಎತ್ತಿಕೊಂಡು, ಓಡುವ ಪಟ್ಟಾಕ್ಕೆ ಅಡ್ಡ ಕೊಟ್ಟು, ಮೈಯ ಭಾರವನ್ನೆಲ್ಲ ಅದರ ಮೇಲೆ ಹಾಕಿ ಗಾಲಿಯಿಂದ ಕೆಳಗಿಳಿಸಿಬಿಟ್ಟರು. ಇಳಿದ ಪಟ್ಟಾ ಹರಿದು, ಚಾಟಿಯಂತೆ ತಿರುಗಿ ಅವರ ಬಲ ಹೆಗಲಿಗೆ ಹೊಡೆಯಿತು. ಬಿದ್ದರು. ಬಿದ್ದಲ್ಲಿಂದಲೇ ತಗ್ಗಿನ ಕಡೆ ಕೈ ತೋರಿಸಿದರು.

ಹುಲಿಗೆವ್ವನ ಸೆರಗು ಬೋಲ್ಟಿಗೆ ಸುತ್ತಿ, ಬಿಡಿಸಿಕೊಳ್ಳಲು ಹೋದ ಎಡಗೈ ಅದರೊಳಗೆ ಹೋಗಿತ್ತು. ಶಾಫ್ಟು ಇನ್ನೆರಡು ಸುತ್ತು ತಿರುಗಿದ್ದರೆ ಕೈಗೇ ಮುಗಿಯುತ್ತಿರಲಿಲ್ಲ. ಸೀರೆ ಕೊಯ್ದು ಆಕೆಯನ್ನು ಎತ್ತಿದೆವು.

ಊರಲ್ಲಿ ಕಟ್ಟು ಕಟ್ಟಿಸಿ, ಇಬ್ಬರನ್ನೂ ಲಿಂಗಸುಗೂರಿನ ದವಾಖಾನೆಗೆ ಒಯ್ಯಲು ಮೋಟಾರು ಹತ್ತಿಸಿದೆವು. ಲಡಾಯಿಯ ಕಾಲದ ಮೋಟಾರು, ಪೆಟ್ರೋಲಿಲ್ಲ, ಹಿಂದೆ ಕಟ್ಟಿದ ದೊಡ್ಡ ಒಲೆಯಲ್ಲಿ ಇದ್ದಿಲು ಸುಟ್ಟು ಓಡಬೇಕು. ಮಸ್ಕಿಯಲ್ಲಿ ಇದ್ದಿಲು ತುಂಬಲು ನಿಂತಿತು. ಅದು ಮಿಸ್ತ್ರಿಯ ಊರು. ಅವರ ಹೆಂಡತಿ ಸುದ್ದಿ ತಿಳಿದು ಓಡಿಬಂದು ಮೋಟಾರಿನ ಪಕ್ಕ ನಿಂತು ಅಳುತ್ತಿದ್ದರು. ಮಿಸ್ತ್ರಿ ಜೋತುಬಿದ್ದ ತೋಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಹುಲಿಗೆವ್ವನ ತಲೆ ಪಕ್ಕದ ಹಲಗೆಗೆ ಬಡಿಯದಂತೆ ಕಾಲು ಅಡ್ಡ ಇಟ್ಟು ಕೂತಿದ್ದರು. ನನ್ನ ಕಡೆ ತಿರುಗಿದರು. ನೀರು ಕೇಳುತ್ತಾರೆ ಎಂದುಕೊಂಡೆ.

"ಜವಾಬು ಬಂತೇನು?" ಎಂದರು.

"ಇನ್ನಾ ಇಲ್ರೀ," ಎಂದೆ.

ದವಾಖಾನೆಯಲ್ಲಿ ಹುಲಿಗೆವ್ವನ ಎಡಗೈಯನ್ನು ಮಣಿಕಟ್ಟಿನವರೆಗೆ ತೆಗೆದರು. ಜೀವ ಉಳಿಯಿತು. ಮಿಸ್ತ್ರಿಯ ಹೆಗಲು ಕೂಡಿಕೊಂಡಿತು, ಆದರೆ ಬಲಗೈ ಎದೆಯಿಂದ ಮೇಲೆ ಏಳದಾಯಿತು.

ಇತ್ತ ಹೊಸ ಪಟ್ಟಾ ಎಲ್ಲೂ ಸಿಗದೆ ಜಿನ್ ನಿಂತಿತ್ತು. ಹೆಂಗಸಿನ ಕೈಗಿಂತ ಪಟ್ಟಾದ ಮಾತೇ ಹೆಚ್ಚಾಯಿತು. ವಿಚಾರಣೆಗೆ ಪೊಲೀಸ್ ಅಮೀನ್ ಸಾಹೇಬರು ಬರುವ ದಿನ ಬಂದಾಗ ಮ್ಯಾನೇಜರ ನನ್ನನ್ನು ಕೂರಿಸಿ ಒಂದು ಹೇಳಿಕೆ ಬರೆಸಿದ. ಮಿಸ್ತ್ರಿ ಹಳಿ ಬಾರಿಸದೆ ಇಂಜಿನ್ ಸುರು ಮಾಡಿದ. ಹೆಂಗಸು ಯಾರ ಹುಕುಮೂ ಇಲ್ಲದೆ ಇಳಿದಳು. ಹೆದರಿದ ಮಿಸ್ತ್ರಿ ಪಟ್ಟಾ ಹಾಳು ಮಾಡಿದ. ನಾನು ಬರೆದೆ. ಮನೆಯಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದ, ನನ್ನ ಕೆಲಸವೊಂದೇ ಆಧಾರ ಎಂದೆಲ್ಲ ಆಗ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳೂ ಅಲ್ಲ. ಆದರೆ ಬರೆದದ್ದು ನನ್ನ ಕೈ.

ತೋಳನ್ನು ಕೊರಳಿಗೆ ಕಟ್ಟಿಕೊಂಡು ಮಿಸ್ತ್ರಿ ಬಂದರು. ಮ್ಯಾನೇಜರ ಮಸಿಯ ಡಬ್ಬಿ ಮುಂದೆ ಸರಿಸಿದ. ಮಿಸ್ತ್ರಿ ಅದನ್ನು ಮುಟ್ಟದೆ, ಓದು ಎಂದು ನನಗೆ ಹೇಳಿದರು. ಬೇರೆ ಏನಾದರೂ ಓದಿ ಹೇಳಬಹುದಿತ್ತು, ಅವರಿಗೆ ತಿಳಿಯುತ್ತಿರಲಿಲ್ಲ. ಆದರೆ ಅಷ್ಟರಮಟ್ಟಿಗೆ ನನ್ನಿಂದ ಆಗಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ಕನ್ನಡದಲ್ಲಿ ಹೇಳಿದೆ. ತಲೆ ಎತ್ತಲಿಲ್ಲ.

"ಹಲಗಿ ಅನ್ನೋ ಮಾತು ಇದರಾಗ ಎಲ್ಲಿ ಬರ್ತೈತಿ?" ಎಂದು ಅವರು ಕೇಳಿದರು.

ಎಲ್ಲಿಯೂ ಇಲ್ಲ ಎಂದೆ.

ಬೀಡಿಯ ಪ್ರಸಂಗದ ನಂತರ ಅವರು ಮೊದಲ ಸಲ ಮ್ಯಾನೇಜರನ ಕಡೆ ನೇರ ತಿರುಗಿದರು. "ತಪ್ಪು ನಂದಂತ ಬರಕೋರಿ, ಬೆರಳು ಒತ್ತತೀನಿ. ಅದರ ಕೆಳಗ ಹಲಗಿ ಹಾಕ್ತೀವಂತ ಬರಸ್ರಿ. ಹುಲಿಗೆವ್ವಗ ಕುಂತು ಮಾಡೋ ಕೆಲಸ ಕೊಡ್ತೀವಂತ ಬರಸ್ರಿ. ಇಲ್ಲಾಂದ್ರ ಅಮೀನ್ ಸಾಹೇಬ್ರ ಮುಂದ ನಾನೂ ಬಾಯಿ ಬಿಡತೀನಿ."

ಮ್ಯಾನೇಜರನಿಗೆ ಇದು ಅಗ್ಗದ ಸೌದಾ ಎನಿಸಿತು. ಒಪ್ಪಿದ. ನಾನು ಕೆಳಗೆ ಎರಡು ಸಾಲು ಸೇರಿಸಿದೆ. ಮಿಸ್ತ್ರಿ ಎಡಗೈ ಹೆಬ್ಬೆರಳು ಒತ್ತಿದರು. ಆಮೇಲೆ ಕಾಗದವನ್ನು ಮತ್ತೊಮ್ಮೆ ಓದಿಸಿದರು, ಕೊನೆಯ ಎರಡು ಸಾಲುಗಳನ್ನು ಮಾತ್ರ.

ಎರಡು ದಿನದಲ್ಲಿ ಬಡಿಗೇರ ಬಂದು ಹಲಗೆ ಹೊಡೆದ. ಸಿಗುವುದಿಲ್ಲ ಎಂದಿದ್ದ ಕಟ್ಟಿಗೆ ಜಿನ್ನಿನ ಹಿತ್ತಲಿನ ಗೋದಾಮಿನಲ್ಲೇ ಇತ್ತು. ತಪ್ಪು ಒಪ್ಪಿ ಕೆಲಸ ಕಳೆದುಕೊಂಡ ಮಿಸ್ತ್ರಿ ಮುಗಿಯುವವರೆಗೆ ಅಲ್ಲೇ ನಿಂತು, ಒಂದೊಂದು ಹಲಗೆಗೂ ಕಾಲಿನಿಂದ ಒದ್ದು ನೋಡಿ, ಎರಡನ್ನು ಮತ್ತೆ ಬಿಗಿಸಿ, ಮಧ್ಯಾಹ್ನದ ಮೋಟಾರಿಗೆ ಮಸ್ಕಿಗೆ ಹೋದರು. ನನಗೆ ಹೋಗುತ್ತೇನೆ ಎಂದು ಸಹ ಹೇಳಲಿಲ್ಲ. ಹೆಂಗಸರು ಗೇಟಿನ ತನಕ ಹಿಂದೆ ಹೋದರು. ಯಾರೂ ನಗಲಿಲ್ಲ.

ಮುಂದಿನ ಹಂಗಾಮಿಗೆ ಹೊಸ ಮಿಸ್ತ್ರಿ ಬಂದ. ಒಳ್ಳೆಯವನೇ, ಹೇಳಿದಷ್ಟು ಕೇಳುತ್ತಿದ್ದ. ಕಾಳಿನ ಬುಟ್ಟಿಯನ್ನು ಹಲಗೆ ದಾಟಿಸಿ ಎತ್ತಿಕೊಡಲು ತಡವಾಗುತ್ತದೆಂದು ಮ್ಯಾನೇಜರ ನಡುವಿನ ನಾಲ್ಕು ಹಲಗೆ ಕಿತ್ತಿಸಿ, ಅಂಗಳದಲ್ಲಿ ತಕ್ಕಡಿ ಇಡುವ ಕಟ್ಟೆಗೆ ಹಾಸಿಸಿದ. ನಾನು ನೋಡಿದೆ. ಒಂದು ವಾರ ಸುಮ್ಮನಿದ್ದೆ. ಅಂಗಳದಲ್ಲಿ ಒಂದೇ ಕೈಯಲ್ಲಿ ಹತ್ತಿಯ ಕಸರು ಆರಿಸುತ್ತ ಕೂತಿರುತ್ತಿದ್ದ ಹುಲಿಗೆವ್ವ ಎದ್ದು ನನ್ನ ಮೇಜಿನ ಬಳಿ ಬಂದಳು. ಹಲಗೆ ತೆಗೆದಿದ್ದಾರೆ, ಕಾಗದದಲ್ಲಿ ಬರೆದಿದ್ದಿರಲ್ಲ ಎಂದು ಕೇಳಿದಳು. ಹಾಕಲಾಗುವುದು ಎಂದು ನಾನು ಬರೆದಿದ್ದೆ. ತೆಗೆಯಕೂಡದು ಎಂದು ಬರೆದಿರಲಿಲ್ಲ.

ಮರುದಿನ ರಜೆ ಹಾಕಿ ಮಸ್ಕಿಗೆ ಹೋದೆ. ಮಿಸ್ತ್ರಿ ಮನೆಯ ಮುಂದೆ ಬಂಡಿಯ ಗಾಲಿಯೊಂದನ್ನು ಎಡಗೈಯಲ್ಲಿ ರಿಪೇರಿ ಮಾಡುತ್ತಿದ್ದರು. ನಿಂತುಕೊಂಡೇ ಎಲ್ಲವನ್ನೂ ಹೇಳಿಬಿಟ್ಟೆ. ನಾಲ್ಕು ದರಖಾಸ್ತು ಟಪಾಲಿಗೆ ಹೋಗಲೇ ಇಲ್ಲ, ಖಾನೆಯಲ್ಲಿ ನಾನೇ ಇಟ್ಟುಕೊಂಡಿದ್ದೆ ಎಂದೆ. ಹೇಳುತ್ತ ಹೇಳುತ್ತ ನನಗೆ ಅಳು ಬಂತು. ಅವರು ಬೈಯಲಿ, ಹೊಡೆಯಲಿ, ಇಲ್ಲವೇ ಹೋಗಲಿ ಬಿಡು ಅನ್ನಲಿ ಎಂದು ಕಾದೆ. ಅವರ ಮುಖ ಒಮ್ಮೆ ಬೂದಿಯಾಯಿತು. ಗಾಲಿಯನ್ನು ಹಿಡಿದ ಕೈ ಹಾಗೇ ನಿಂತಿತು. ಆಮೇಲೆ ಗಾಲಿಯನ್ನು ಪಕ್ಕಕ್ಕೆ ಸರಿಸಿ ಕೇಳಿದರು.

"ಈಗ ಹಲಗಿ ಅದಾವೇನು?"

ನಾಲ್ಕು ಕಿತ್ತಿದ್ದಾರೆ ಎಂದೆ.

"ಮತ್ತ ಇಲ್ಲಿ ನಿಂತು ಅತ್ತರ ಏನಾಗ್ತೈತಿ? ಮೊಳಿ ಹೊಡ್ಯಾಕ ಬರ್ತೈತೇನು ನಿನಗ?"

ಬರುತ್ತಿರಲಿಲ್ಲ. ನನ್ನ ಮನೆತನದಲ್ಲಿ ಯಾರೂ ಸುತ್ತಿಗೆ ಹಿಡಿದವರಲ್ಲ. ಅವರು ನನ್ನನ್ನು ಬಿಸಿಲಲ್ಲಿ ಕೂರಿಸಿ, ಹಳೆಯ ಹಲಗೆಯ ತುಂಡೊಂದನ್ನು ಮುಂದಿಟ್ಟು, ಮೊಳೆ ಹಿಡಿಯುವುದು ಹೇಗೆ, ಸುತ್ತಿಗೆಯನ್ನು ಬುಡದಲ್ಲಿ ಹಿಡಿಯಬೇಕೋ ತುದಿಯಲ್ಲೋ ಎಂದು ಮಧ್ಯಾಹ್ನವೆಲ್ಲ ಕಲಿಸಿದರು. ಏಟು ಹೆಬ್ಬೆರಳಿಗೆ ಬಿದ್ದಾಗ, ಬೆರಳ ಬಿಟ್ಟು ಮೊಳಿ ನೋಡು ಎಂದರು. ಕ್ಷಮಿಸಿದೆ ಎನ್ನಲಿಲ್ಲ. ಊಟಕ್ಕೆ ಏಳು ಎಂದದ್ದು ಅವರ ಹೆಂಡತಿ.

ಮಾರನೆಯ ದಿನ ಜಿನ್ನಿನಲ್ಲಿ ಬುತ್ತಿಯ ಹೊತ್ತಿಗೆ ಇಂಜಿನ್ ನಿಂತಾಗ ನಾನು ಅಂಗಳಕ್ಕೆ ಹೋಗಿ ತಕ್ಕಡಿ ಕಟ್ಟೆಯ ಹಲಗೆ ಏಳಿಸತೊಡಗಿದೆ. ಕಾರಕೂನ ಹಲಗೆ ಎತ್ತುವುದನ್ನು ಕಂಡು ಹೆಂಗಸರು ರೊಟ್ಟಿ ಕೈಯಲ್ಲಿ ಹಿಡಿದೇ ಎದ್ದು ಬಂದರು. ಯಾರಿಗೂ ಏನೂ ಹೇಳಬೇಕಾಗಲಿಲ್ಲ. ಇಬ್ಬರು ಹೊತ್ತರು, ಇಬ್ಬರು ತಗ್ಗಿಗಿಳಿದು ಎತ್ತಿ ಹಿಡಿದರು. ಹುಲಿಗೆವ್ವ ಮೊಳೆಗಳನ್ನು ಉಡಿಯಲ್ಲಿ ಹಾಕಿಕೊಂಡು ಒಂದೊಂದೇ ಕೊಟ್ಟಳು. ನಾನು ಹೊಡೆದೆ. ಅರ್ಧ ಸೊಟ್ಟಗಾದವು. ಎರಡು ಹಲಗೆ ಮುಗಿಯುವಷ್ಟರಲ್ಲಿ ಬುತ್ತಿಯ ಹೊತ್ತು ಮುಗಿದು ಮ್ಯಾನೇಜರ ಬಂದ. ಯಾರನ್ನು ಕೇಳಿ ಇದೆಲ್ಲ ಎಂದು ನನ್ನನ್ನು ಕೇಳಿದ. ನನ್ನ ಕೈಯಲ್ಲಿದ್ದ ಸುತ್ತಿಗೆ ನಿಂತಿತು. ಹುಲಿಗೆವ್ವ ಮುಂದಿನ ಮೊಳೆ ಚಾಚಿದಳು.

"ಹೊಡೀರಿ ಕಾರಕೂನರ," ಎಂದಳು. ಆಮೇಲೆ ಮ್ಯಾನೇಜರನಿಗೆ, "ಇದು ಮುಗಿಯೋತನಕ ಯಾರೂ ಹತ್ತಿ ಮುಟ್ಟಂಗಿಲ್ರೀ."

ಆಕೆಯ ಮಾತು ಕೇಳಿ ಹೆಂಗಸರೆಲ್ಲ ಜಿನ್ನಿನ ಮುಂದಿನ ತಮ್ಮ ಜಾಗ ಬಿಟ್ಟು ತಗ್ಗಿನ ಅಂಚಿಗೆ ಬಂದು ಕೂತರು. ಹೊರಗೆ ಬಂಡಿಯವರು ಕೂಗುತ್ತಿದ್ದರು. ಮ್ಯಾನೇಜರ ಸ್ವಲ್ಪ ಹೊತ್ತು ನಿಂತಿದ್ದು, ನಿನ್ನನ್ನು ನೋಡಿಕೊಳ್ಳುತ್ತೇನೆ ಎಂದು ನನಗೆ ಹೇಳಿ ಹೋದ. ನೋಡಿಕೊಳ್ಳಲೂ ಇಲ್ಲ, ಏಕೆಂದರೆ ಆ ಹಂಗಾಮಿನಲ್ಲಿ ಉರ್ದು ಬರೆಯುವ ಇನ್ನೊಬ್ಬ ಅವನಿಗೆ ಸಿಗುವಂತಿರಲಿಲ್ಲ. ನಾಲ್ಕನೆಯ ಹಲಗೆ ಕೂತ ಮೇಲೆಯೇ ಇಂಜಿನ್ ಸುರುವಾಯಿತು.

ಹೆಬ್ಬೆರಳು ಊದಿತ್ತು. ಆದರೂ ಆ ಸಂಜೆ ನನಗೆ ಬಹಳ ಹೆಮ್ಮೆ. ಮೋಟಾರಿನ ಡ್ರೈವರನ ಕೈಯಲ್ಲಿ ಮಸ್ಕಿಗೆ ಹೇಳಿಕಳಿಸಿದೆ: ನಾಲ್ಕೂ ಹಲಗೆ ನಾನೇ ಹೊಡೆದೆ, ಹೆಂಗಸರೆಲ್ಲ ಜೊತೆಗೆ ನಿಂತರು. ಈ ಸಲವಾದರೂ ಭೇಷ್ ಅಂದಾರು ಎಂದುಕೊಂಡಿದ್ದೆ.

ಮರುದಿನ ಡ್ರೈವರ ಮೋಟಾರು ನಿಲ್ಲಿಸಿ ಗೇಟಿನ ಹತ್ತಿರ ಬಂದ. ಏನೆಂದರು ಎಂದು ಆಸೆಯಿಂದ ಕೇಳಿದೆ. ಹಲಗೆಗೆ ಎಷ್ಟು ಮೊಳೆ ಹೊಡೆದಾನೆ ಎಂದು ಕೇಳಿದರಂತೆ. ಎರಡಾದರೆ ಒದ್ದರೆ ಬೀಳುತ್ತವೆ, ನಾಲ್ಕು ಬೇಕು, ಎಂದರಂತೆ.

ನಾನು ಹಲಗೆಗೆ ಎರಡೇ ಹೊಡೆದಿದ್ದೆ. ಆ ಮನುಷ್ಯನನ್ನು ಮನಸಾರೆ ಬೈದುಕೊಳ್ಳುತ್ತ ಹುಲಿಗೆವ್ವನನ್ನು ಕರೆದೆ, ಇನ್ನೂ ಎಂಟು ಮೊಳೆ ಬೇಕೆಂದು ಹೇಳಿದೆ.